ನನ್ನ ಕತ್ತಲೆ ಕೋಣೆಯಲ್ಲಿ ಚರಗ

ಕೆಲವರಿಗೆ ಹಲ್ಲಿಯ ಭಯ, ಕೆಲವರಿಗೆ ಮಾವನವರ ಭಯ. ನನಗೆ ಧೂಳಿನ ಭಯ. ಬೀದರಿನ ಕೆಮ್ಮಣ್ಣಿನಲ್ಲಿ ಹುಟ್ಟಿ, ಅದೇ ಮಣ್ಣಿನಲ್ಲಿ ಹೊರಳಾಡಿ ಬೆಳೆದವನಿಗೆ ಈ ರೋಗ ಎಲ್ಲಿಂದ ಅಂಟಿತೆಂದು ನನ್ನ ಹೆಂಡತಿಗೆ ಇವತ್ತಿಗೂ ಬಗೆಹರಿದಿಲ್ಲ. ಮನೆಯಲ್ಲಿ ಬೈಸಿಕೊಂಡ ಈ ಗುಣವನ್ನೇ ವಿಶ್ವವಿದ್ಯಾಲಯದವರು ಮೆಚ್ಚಿ, ದೃಶ್ಯೀಕರಣ ಪ್ರಯೋಗಾಲಯದ ಉಸ್ತುವಾರಿ ಕೊಟ್ಟರು. ಹೆಸರು ಕೇಳಿ ಗಾಬರಿಯಾಗಬೇಡಿ. ಅದು ಕಿಟಕಿಯಿಲ್ಲದ ಒಂದು ಕತ್ತಲೆ ಕೋಣೆ. ಪಕ್ಕದ ಕೋಣೆಯ ದೊಡ್ಡ ಕಂಪ್ಯೂಟರುಗಳು ಹಗಲೂ ರಾತ್ರಿ ಲೆಕ್ಕ ಮಾಡಿ ಗುಡ್ಡೆ ಹಾಕುವ ಅಂಕಿಗಳನ್ನು ನಾವು ಇಲ್ಲಿ ಗೋಡೆಗಳ ಮೇಲೂ ನೆಲದ ಮೇಲೂ ಚಿತ್ರವಾಗಿ ಬಿಡುತ್ತೇವೆ. ಕಪ್ಪು ಕನ್ನಡಕ ಹಾಕಿಕೊಂಡು ನಿಂತರೆ ಚಿತ್ರದ ಒಳಗೇ ನಿಂತ ಹಾಗೆ ಅನಿಸುತ್ತದೆ. ಬಾಗಿಲಿಗೆ ನಾನೇ ಒಂದು ಫಲಕ ಬರೆದು ಹಾಕಿದ್ದೆ: ಚಪ್ಪಲಿ ಹೊರಗೆ ಬಿಡಿ, ತಿನಿಸು ತರಬೇಡಿ, ಪರದೆ ಮುಟ್ಟಬೇಡಿ, ಗದ್ದಲ ಮಾಡಬೇಡಿ. ಇದರ ಫಲವಾಗಿ ಕೋಣೆ ಕನ್ನಡಿಯಂತೆ ಹೊಳೆಯುತ್ತಿತ್ತು, ಒಳಗೆ ಯಾರೂ ಬರುತ್ತಿರಲಿಲ್ಲ.

ಬರುತ್ತಿದ್ದವಳು ಸುಜಾತಾ ಒಬ್ಬಳೇ. ಭಾಲ್ಕಿಯ ಹುಡುಗಿ, ಸಂಶೋಧನೆ ಮಾಡುತ್ತಿದ್ದಾಳೆ. ಮಳೆ ನೆಟ್ಟಗೆ ಬಿದ್ದರೆ ಔರಾದದ ಭೂಮಿಯೊಳಗೆ ನೀರು ಹೇಗೆ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಅವಳ ವಿಷಯ. ಇದಕ್ಕೆ ಔರಾದದಲ್ಲಿರುವ ತನ್ನ ಸೋದರತ್ತೆಯ ಹೊಲವನ್ನೇ ಏರು, ತಗ್ಗು, ಬಾವಿ, ಬೇವಿನ ಮರ ಸಮೇತ ಅಳೆದು ಕಂಪ್ಯೂಟರಿಗೆ ತುಂಬಿದ್ದಳು. ಬೇರೆಯವರ ಹೊಲದಲ್ಲಿ ಟೇಪು ಹಿಡಿದು ತಿರುಗಿದರೆ ಜಮೀನು ಕಿತ್ತುಕೊಳ್ಳಲು ಬಂದವಳೆಂದು ಓಡಿಸುತ್ತಾರಂತೆ. ಹೊರಗೆ ಮಾತ್ರ ಬರ. ಔರಾದದಿಂದ ಬರುವ ಬಸ್ಸುಗಳ ಮೇಲೆ ಹಾಸಿಗೆಯ ಸುರುಳಿ, ಪಾತ್ರೆಯ ಗಂಟು. ಮುಕ್ಕಾಲು ಪಾಲು ಜನ ಹೈದರಾಬಾದಿಗೆ, ಉಳಿದವರು ಬೀದರಿಗೆ. ಸುಜಾತಾಳ ಅತ್ತೆ ಕಮಲಾಬಾಯಿಯೂ ಗಂಡ, ಮಕ್ಕಳು, ಸೊಸೆಯರೊಂದಿಗೆ ಬಂದು ನಮ್ಮ ಆವರಣದ ಹೊಸ ಕಟ್ಟಡದಲ್ಲೇ ಕೆಲಸಕ್ಕೆ ನಿಂತಿದ್ದಳು.

ಅಷ್ಟರಲ್ಲಿ ಪರಿಶೀಲನಾ ಸಮಿತಿ ಬರುವ ಸುದ್ದಿ ಬಂತು. ಯಾರೂ ಬಳಸದ ಕೋಣೆ ಬೀದರಿಗೆ ಯಾಕೆ, ಬೇರೆ ಊರಿಗೆ ಸಾಗಿಸೋಣ ಎಂಬ ಮಾತು ನಡೆದಿತ್ತು. ನನಗೆ ಅನ್ನ ಸೇರದಾಯಿತು. ಜನ ತುಂಬಿಸಿ ತೋರಿಸಿದರೆ ಕೋಣೆ ಉಳಿಯಬಹುದು. ಆದರೆ ಸಮಿತಿ ಆರಿಸಿಕೊಂಡ ದಿನ ಎಳ್ಳಮಾವಾಸ್ಯೆ! ಅವತ್ತು ಬೀದರಿಗೆ ಬೀದರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿರುತ್ತದೆ. ಭೂಮಿತಾಯಿಗೆ ಪೂಜೆ ಮಾಡಿ, ಜೋರಾಗಿ ಕೂಗು ಹಾಕುತ್ತ ಅಡುಗೆಯನ್ನು ಬೆಳೆಯ ಮೇಲೆ ಚೆಲ್ಲಿ, ಅಂದರೆ ಚರಗ ಹಾಕಿ, ಸಿಕ್ಕವರನ್ನೆಲ್ಲ ಕರೆದು ಉಣ್ಣುವ ಹಬ್ಬ. ನಮ್ಮ ಪ್ರಾಧ್ಯಾಪಕರು ಹಿಂದಿನ ಸಂಜೆಯೇ ಮಾಯವಾಗಿದ್ದರು.

"ಸರ, ನಮ್ಮ ಅತ್ತಿ ಅದಾಳಲ್ರಿ," ಎಂದಳು ಸುಜಾತಾ. "ಈ ವರ್ಷ ಹೊಲದಾಗ ಏನೂ ಇಲ್ಲಂತ ಹಬ್ಬಕ್ಕೂ ಹೋಗಿಲ್ರಿ. ಹೆಣ್ಮಕ್ಕಳನ್ನ ಕರ್ಕೊಂಡು ಬರ್ತೇನಿ."

ಬಂದರು. ಕಮಲಾಬಾಯಿ ಮುಂದೆ, ಅವಳ ಹಿಂದೆ ಹತ್ತಾರು ಹೆಂಗಸರು. ಚಪ್ಪಲಿ ಬಿಡಿಸಿದೆ, ಕಾಲು ತೊಳೆಸಿದೆ. ಕಮಲಾಬಾಯಿಯ ಕಂಕುಳಲ್ಲಿ ಒಂದು ಗಡಿಗೆ.

"ಅದೇನ್ರಿ?"

"ಅಂಬಲಿ ರೀ ಸಾಹೇಬ್ರ. ಹಬ್ಬ ಅಲ್ರಿ? ಹೊಲ ಇಲ್ದಿದ್ರೂ ಹೊಟ್ಟಿ ಅದಲ್ರಿ!"

ಗಡಿಗೆಯನ್ನು ಬಾಗಿಲ ಹೊರಗೆ ಇಡಿಸಿದೆ. ಈ ಗೆಲುವಿನಿಂದ ನನಗೆ ಎಷ್ಟು ಸಂತೋಷವಾಯಿತೆಂದರೆ ಸಮಿತಿಯ ಅಧ್ಯಕ್ಷೆ ಮೇಡಂ ಬಂದಾಗ ನಮಸ್ಕಾರ ಮಾಡುವುದನ್ನೂ ಮರೆತೆ.

ಎಲ್ಲರಿಗೂ ಕನ್ನಡಕ ಹಂಚಿ ದೀಪ ಆರಿಸಿದೆ. ಸುಜಾತಾ ಗುಂಡಿ ಒತ್ತಿದಳು. ಗೋಡೆಗಳ ಮೇಲೆ, ಕಾಲ ಕೆಳಗೆ, ಹಸಿರೋ ಹಸಿರು. ಎದೆಮಟ್ಟ ಜೋಳ, ನಡುವೆ ತೊಗರಿ, ಬಾವಿ, ಬೇವಿನ ಮರ.

"ಎವ್ವಾ! ಇದು ನಮ್ಮ ಹೊಲಾನೇ!" ಎಂದು ಕಮಲಾಬಾಯಿ ಕಿರುಚಿದಳು. "ಬೇವಿನ ಗಿಡ ನೋಡ್ರೇ! ಬಾವಿ ನೋಡ್ರೇ, ನೀರು ಅದ!"

ನೀರು ಹೇಗೆ ಇಂಗುತ್ತದೆಂದು ಸುಜಾತಾ ವಿವರಿಸತೊಡಗಿದಳು. ಕೇಳುವವರು ಯಾರು? ಒಬ್ಬಳು ತೆನೆ ಮುರಿಯಲು ಹೋಗಿ ಗೋಡೆಗೆ ಕೈ ಬಡಿಸಿಕೊಂಡಳು. ಇನ್ನೊಬ್ಬಳು ನೆಲದ ಮೇಲಿನ ಬದುವನ್ನು ಸೀರೆ ಎತ್ತಿ ದಾಟಿದಳು. ಕಮಲಾಬಾಯಿ ಹೊರಗೆ ಹೋದದ್ದು ನನಗೆ ಕಾಣಲಿಲ್ಲ, ಬಂದದ್ದು ಕಂಡಿತು. ಕಂಕುಳಲ್ಲಿ ಗಡಿಗೆ, ಕಣ್ಣಿಗೆ ಕಪ್ಪು ಕನ್ನಡಕ.

"ಬ್ಯಾಡ್ರೀ!" ಎಂದು ನಾನು ಓಡಿದೆ. "ಮಷೀನ್ ಅದಾವ್ರೀ!"

"ಬೆಳಿ ನಿಂತದ, ಚರಗ ಚೆಲ್ಲದೆ ಹ್ಯಾಂಗ ಬಿಡ್ಲಿ ಸಾಹೇಬ್ರ?" ಎಂದವಳೇ ಕೊರಳೆತ್ತಿ ಚರಗದ ಕೂಗು ಹಾಕಿ, ಅಂಬಲಿಯನ್ನು ನಾಲ್ಕೂ ದಿಕ್ಕಿಗೆ ಎರಚಿದಳು. ಉಳಿದವರೆಲ್ಲ ದನಿಗೂಡಿಸಿದರು. ಅಧ್ಯಕ್ಷೆಯ ರೇಷ್ಮೆ ಸೀರೆಗೆ ಒಂದಿಷ್ಟು, ನನ್ನ ಮೂಗಿಗೆ ಒಂದಿಷ್ಟು. ಹೋಯಿತು, ಕೋಣೆ ಹೋಯಿತು, ನನ್ನ ಮಾನ ಅದಕ್ಕಿಂತ ಮೊದಲೇ ಹೋಯಿತು ಎಂದುಕೊಂಡು ಬಟ್ಟೆ ಹುಡುಕುತ್ತಿದ್ದೆ. ಆಗ ಹೆಂಗಸರೆಲ್ಲ ಒಮ್ಮೆಲೇ ಹೋ ಎಂದರು.

ಎದುರು ಗೋಡೆಯಲ್ಲಿ, ಔರಾದದ ಬರಿದಾದ ನೀಲಿ ಆಕಾಶದಲ್ಲಿ, ಬೂದು ಬಣ್ಣದ ಒಂದು ಮೋಡ ನಿಂತಿತ್ತು. ಪ್ರೊಜೆಕ್ಟರಿನ ಗಾಜಿನ ಮೇಲೆ ಅಂಬಲಿಯ ಹನಿ ಕೂತಿದೆಯೆಂದು ನನಗೆ ಗೊತ್ತಾಯಿತು. ಹನಿ ಮೆಲ್ಲಗೆ ಜಾರಿದಂತೆ ಮೋಡವೂ ಹೊಲದ ಮೇಲೆ ಸರಿಯತೊಡಗಿತು. ನಾನು ಬಟ್ಟೆ ಎತ್ತಿದೆ.

"ಒರಸಬ್ಯಾಡ್ರಿ ಸಾಹೇಬ್ರ!" ಎಂದಳು ಕಮಲಾಬಾಯಿ. ಅವಳ ದನಿಯಲ್ಲಿ ನಗು ಇರಲಿಲ್ಲ. "ಇರ್ಲಿ ಬಿಡ್ರಿ. ಭಾಳ ದಿನಕ್ಕ ಬಂದದ."

ನನ್ನ ಕೈ ನಿಂತುಬಿಟ್ಟಿತು. ಸುಳ್ಳು ಯಾಕೆ ಹೇಳಲಿ, ಕಣ್ಣು ಒದ್ದೆಯಾಯಿತು. ಅಧ್ಯಕ್ಷೆ ಕನ್ನಡಕ ತೆಗೆದು ನೋಡಿದರು, ಮತ್ತೆ ಹಾಕಿಕೊಂಡು ನೋಡಿದರು. "ಅದ್ಭುತವಾಗಿದೆ. ಈ ಮೋಡವನ್ನು ಯಾವ ವಿಧಾನದಲ್ಲಿ ಲೆಕ್ಕ ಮಾಡಿದಿರಿ?" ಎಂದರು. "ಸ್ಥಳೀಯ ವಿಧಾನ ಮೇಡಂ," ಎಂದೆ. ಸುಜಾತಾ ಕೆಮ್ಮಿದಳು. ಆಮೇಲೆ ಹೆಂಗಸರು ಹೊರಗೆ ಇಟ್ಟಿದ್ದ ಬುತ್ತಿಗಳನ್ನೂ ತಂದರು, ಎಲ್ಲರೂ ಆ ಜೋಳದ ನಡುವೆಯೇ ನೆಲಕ್ಕೆ ಕೂತು ಸಜ್ಜೆ ರೊಟ್ಟಿ, ಕಾಳು-ಸೊಪ್ಪು ಬೇಯಿಸಿದ ಭಜ್ಜಿ ಉಂಡರು. ಅಧ್ಯಕ್ಷೆ ಭಜ್ಜಿಯನ್ನು ಎರಡನೆಯ ಸಲ ಹಾಕಿಸಿಕೊಂಡರು. ಹೋಗುವಾಗ, ಇಷ್ಟು ಜನ ಬಂದು ಕೂರುವ ಪ್ರಯೋಗಾಲಯವನ್ನು ತಾವು ಎಲ್ಲೂ ನೋಡಿಲ್ಲ, ಇದು ಬೀದರಿನಲ್ಲೇ ಇರಲಿ ಎಂದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಎಲ್ಲರೂ ಹೋದ ಮೇಲೆ ನನ್ನ ಕೈ ಸುಮ್ಮನಿರಬೇಕಲ್ಲ, ಗಾಜನ್ನು ಫಳಫಳ ಒರೆಸಿಟ್ಟೆ. ಹೋದ ವಾರ ಅಧ್ಯಕ್ಷೆಯ ಫೋನ್ ಬಂತು. ಇನ್ನೊಂದು ತಂಡ ಬರುತ್ತದಂತೆ, ಮೋಡವನ್ನು ತಪ್ಪದೆ ತೋರಿಸಬೇಕಂತೆ. ಅಂದಿನಿಂದ ದಿನಾ ಹೆಂಡತಿಯ ಕೈಯಲ್ಲಿ ಅಂಬಲಿ ಕಾಸಿಸಿಕೊಂಡು, ಅಂಗಿಯೊಳಗೆ ಡಬ್ಬಿ ಬಚ್ಚಿಟ್ಟು ನನ್ನ ಕೋಣೆಗೆ ನಾನೇ ಕಳ್ಳನಂತೆ ಹೋಗುತ್ತಿದ್ದೇನೆ. ಚಮಚದಿಂದ ಹಚ್ಚಿದೆ, ಬೆರಳಿಂದ ಹಚ್ಚಿದೆ. ಕಲೆ ಬರುತ್ತದೆ, ಮೋಡ ಬರುವುದಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಕಮಲಾಬಾಯಿಯನ್ನು ಕೇಳಿದೆ. ಅವಳು ತಲೆಯ ಮೇಲಿನ ಬುಟ್ಟಿ ಇಳಿಸಿ, ಸಾಕಾಗುವಷ್ಟು ನಕ್ಕು, "ಕೂಗಿ ಚೆಲ್ಲಬೇಕ್ರಿ ಸಾಹೇಬ್ರ. ಹಿಂಗ ಕದ್ದು ಮೆತ್ತಿದ್ರ ಮೋಡ ಯಾಕ ಬರ್ತದ್ರಿ?" ಎಂದಳು.

ಈಗ ಬಾಗಿಲು ಹಾಕಿಕೊಂಡು ಕೂಗು ಕಲಿಯುತ್ತಿದ್ದೇನೆ. ನಿನ್ನೆ ನನ್ನ ಕೂಗಿಗೆ ಹೆದರಿ ಕಾವಲುಗಾರ ಓಡಿ ಬಂದು, ಮೈತುಂಬ ಅಂಬಲಿಯಾಗಿ ನಿಂತಿದ್ದ ನನ್ನನ್ನು ಕಂಡ. ಬಾಗಿಲ ಮೇಲೆ ನಾನೇ ಬರೆದು ಹಾಕಿದ್ದ ಫಲಕವನ್ನು ಬೆರಳಿಟ್ಟು ತೋರಿಸಿ ಹೋದ.