ರಾಕ್ಷಸನ ಮೀಸೆ ಮತ್ತು 'ಇದಲ್ಲ' ಬಟನ್

ಯಂತ್ರಗಳ ಜತೆ ವಾದಕ್ಕಿಳಿಯುವ ಚಟ ನನಗೆ ಮೊದಲಿನಿಂದಲೂ ಇದೆ. ಮಿಕ್ಸರ್ ನಿಂತರೆ ಬೈಯುತ್ತೇನೆ, ಲಿಫ್ಟ್ ತಡವಾದರೆ ಮುನಿಸಿಕೊಳ್ಳುತ್ತೇನೆ. ಅವು ತಿರುಗಿ ಮಾತಾಡುವುದಿಲ್ಲವಾದ್ದರಿಂದ ಗೆಲುವು ಯಾವಾಗಲೂ ನನ್ನದೇ. ಮನೆಯಲ್ಲಿ ಆ ಭಾಗ್ಯವಿಲ್ಲ. ಹೀಗಿರುವಾಗ ಹೊಸಪೇಟೆಯಲ್ಲಿ ನಾನು ನೋಡಿಕೊಳ್ಳುವ ಹಳೇ ನಾಟಕ ಫೋಟೊಗಳ ಸಂಗ್ರಹಕ್ಕೆ ಕೃತಕ ಬುದ್ಧಿಮತ್ತೆ ಬಂತು. ಸಂಡೂರು, ಕಂಪ್ಲಿ ಕಡೆಯಿಂದ ಟ್ರಂಕುಗಟ್ಟಲೆ ಬಂದ ಚಿತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿ ಅದಕ್ಕೆ ಉಣಿಸಿದ್ದೇವೆ. ಒಂದು ಮುಖ ತೋರಿಸಿದರೆ ಅದನ್ನು ಹೋಲುವ ಮುಖಗಳನ್ನು ಹುಡುಕಿ ಕೊಡುತ್ತದೆ. ತಪ್ಪಾದರೆ ನಾನು 'ಇದಲ್ಲ' ಎಂಬ ಬಟನ್ ಒತ್ತಬೇಕು. ಆ ಬಟನ್ ನನಗೆ ಬಹಳ ಹಿಡಿಸಿತು. ನಾಟಕದ ಹೆಸರೆತ್ತಿದರೆ ಕೋಲು ಹುಡುಕುತ್ತಿದ್ದ ನಮ್ಮ ಅಜ್ಜ ಈಗಿದ್ದಿದ್ದರೆ ನನ್ನನ್ನು ನೋಡಿಯೂ ಅದನ್ನೇ ಒತ್ತುತ್ತಿದ್ದರು.

ಮೊನ್ನೆ ಮರಿಯಮ್ಮನಹಳ್ಳಿಯಿಂದ ಹುಲಿಗೆಮ್ಮ ಬಂದರು. ನಾಟಕ ಆಡುತ್ತಿದ್ದ ಅವರ ತಾಯಿ ತೀರಿಕೊಂಡಿದ್ದಾರೆ, ಮನೆಯಲ್ಲಿ ಒಂದು ಫೋಟೊ ಇಲ್ಲ. "ಹಿರಿಯರ ಹಬ್ಬಕ್ಕ ಎಲ್ಲಾರೂ ಫೋಟೊಕ್ಕ ಹಾರ ಹಾಕ್ತಾರ್ರಿ. ನಾನು ಬರೇ ಗ್ವಾಡಿಗೆ ಕೈ ಮುಗೀತೀನಿ" ಎಂದರು. ನನಗೆ ಸಂಕಟವಾಯಿತು.

"ನಿಮ್ಮ ಮಾರಿ ಅವ್ವನಂಗ ಐತೇನ್ರಿ?"

"ಅಚ್ಚೊತ್ತಿದಂಗ ಅಂತಿದ್ರು."

ಸರಿ, ಅವರದೇ ಫೋಟೊ ತೆಗೆದು ಯಂತ್ರಕ್ಕೆ ತೋರಿಸಿದೆ. ಅದು ಕೊಂಚ ಯೋಚಿಸಿ, ಗದೆ ಹೊತ್ತ, ಹುರಿಮೀಸೆಯ ರಾಕ್ಷಸನೊಬ್ಬನನ್ನು ತಂದು ನಿಲ್ಲಿಸಿತು. 'ಇದಲ್ಲ' ಒತ್ತಿದೆ. ಅದೇ ರಾಕ್ಷಸ, ಈ ಸಲ ಪಕ್ಕಕ್ಕೆ ತಿರುಗಿ ಗಹಗಹಿಸುತ್ತಿದ್ದ. ರಾಣಿಯರು, ಸಖಿಯರು ಇಷ್ಟೊಂದು ಜನ ಇರುವಾಗ ಇದಕ್ಕೇನು ಬಂತು ಎಂದು ಮತ್ತೆ ಒತ್ತಿದೆ. ಅವನು ಜಾಗ ಬಿಡಲಿಲ್ಲ. ಮಾನಿಟರನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿಕೊಂಡೆ. ನಿಮ್ಮ ಮುಖ ರಾಕ್ಷಸನ ಹಾಗಿದೆಯಂತೆ ಎಂದು ಎದುರಿಗೆ ಚಹಾ ಕುಡಿಯುತ್ತ ಕೂತ ಹೆಂಗಸಿಗೆ ಹೇಗೆ ಹೇಳುವುದು? "ಇವತ್ತು ಸಿಗೂದು ಕಷ್ಟ ಐತ್ರಿ" ಎಂದೆ. ಲೋಟ ಇಡಲು ಎದ್ದ ಹುಲಿಗೆಮ್ಮ ಪರದೆ ಕಂಡು ಹಾಗೇ ನಿಂತರು.

"ಅಯ್ಯ, ನಮ್ಮವ್ವ!"

ಅದು ಬರೀ ಹೆಂಗಸರ ನಾಟಕ ಮಂಡಳಿಯಂತೆ. ದನಿ ದೊಡ್ಡದಿದ್ದವರಿಗೆ ಗಂಡು ಪಾರ್ಟು. ಫೋಟೊ ತೆಗೆಯುವವನು ಬರುತ್ತಿದ್ದದ್ದೂ ಎಲ್ಲರೂ ವೇಷ ಹಾಕಿದ ಮೇಲೆಯೇ. "ರಾಕ್ಷಸನ ಪಾರ್ಟು ಅಂದ್ರ ನಮ್ಮವ್ವಂದ ರೀ, ಎಲ್ಲಾರಿಗೂ ಗೊತ್ತೈತಲ್ಲ" ಎಂದರು. ಎಲ್ಲರಿಗೂ ಗೊತ್ತಿತ್ತು, ಯಂತ್ರಕ್ಕೂ ಗೊತ್ತಾಗಿತ್ತು. ಅವರು ಅಳುತ್ತಲೇ ನಗುತ್ತಿದ್ದರು. ನನ್ನ ಕಣ್ಣೂ ತುಂಬಿತು. ಮುಜುಗರ ಮುಚ್ಚಿಕೊಳ್ಳಲು, "ಇದು ಮೀಸಿ ಅಳಿಸಿ ಕೊಡ್ತೈತ್ರಿ, ಅಳಿಸ್ಲೇನು?" ಎಂದೆ.

"ಬ್ಯಾಡ್ರಿ! ಆ ಮೀಸಿಯಿಂದನ ನಾವು ಉಂಡೀವಿ. ಹಾರ ಅದಕ್ಕೂ ಸೇರಿ."

ಅವರು ಪ್ರಿಂಟನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದ ಮೇಲೆ ಕುತೂಹಲ ತಡೆಯಲಾಗದೆ ಯಂತ್ರಕ್ಕೆ ನನ್ನ ಮುಖ ತೋರಿಸಿದೆ. ಅದು ಅಜ್ಜನ ಊರಾದ ಕಂಪ್ಲಿಯ ಟ್ರಂಕಿನಿಂದ ಒಬ್ಬ ರಾಣಿಯನ್ನು ಕರೆತಂದಿತು. ಉದ್ದ ಜಡೆ, ನಾಚಿದ ನಗು, ಮೂಗುತಿಯ ಹಿಂದೆ ಅಜ್ಜನಿಂದ ನನಗೆ ಬಂದ ಅದೇ ಗಿಣಿಮೂಗು. ಬೆರಳು 'ಇದಲ್ಲ' ಬಟನ್ನಿನ ಮೇಲೇ ಇದೆ. ಒತ್ತುವ ಧೈರ್ಯ ಬರುತ್ತಿಲ್ಲ.