ಖಾಲಿ ಕೊಡದವಳಿಗೆ ಪೂರ್ಣಕುಂಭ

ದೆವ್ವ ಹಿಡಿದರೆ ಬೇವಿನ ಸೊಪ್ಪಿನಲ್ಲಿ ಬಡಿದು ಬಿಡಿಸುವವರಿದ್ದಾರೆ. ಚೇಳು ಕಡಿದರೆ ಮಂತ್ರ ಹಾಕುವವರಿದ್ದಾರೆ (ಉರಿ ಇಳಿದವರನ್ನು ನಾನು ಕಂಡಿಲ್ಲ, ಆ ಮಾತು ಬೇರೆ). ಗಂಡನಿಗೆ ಪ್ರಕೃತಿ ಹಿಡಿದರೆ ಮಾತ್ರ ಬಿಡಿಸುವವರು ತುಮಕೂರು ಜಿಲ್ಲೆಯಲ್ಲೇ ಇಲ್ಲ. ಗುಬ್ಬಿಯಿಂದ ಕುಣಿಗಲ್ಲಿನವರೆಗೆ ವಿಚಾರಿಸಿ ನೋಡಿದ್ದೇನೆ.

ನನ್ನ ಯಜಮಾನರು ಮೂಡಲಗಿರಿಯಪ್ಪನವರು ಗುಬ್ಬಿ ಕಡೆಯವರು. ಹುಟ್ಟಿದ್ದು ಬಯಲಲ್ಲಿ, ಬೆಳೆದದ್ದು ಬಯಲಲ್ಲಿ, ಕೆಲಸ ತುಮಕೂರಿನ ನೀರು ಸರಬರಾಜು ಕಚೇರಿಯಲ್ಲಿ ಫ್ಯಾನಿನ ಕೆಳಗೆ. ಅವರು ನರಳದೆ ಹತ್ತಿದ ಅತಿ ಎತ್ತರದ ಜಾಗವೆಂದರೆ ಅಲ್ಲೇ ಸದಾಶಿವನಗರದ ನಮ್ಮ ಮನೆಯ ಅಟ್ಟ. ಎಂಬತ್ತಮೂರನೆಯ ಇಸವಿಯಲ್ಲಿ ಅವರ ಕಚೇರಿಗೆ ಯೋಗನರಸಿಂಹ ಎಂಬ ಇಂಜಿನಿಯರು ವರ್ಗವಾಗಿ ಬಂದರು. ಆ ಮಹಾನುಭಾವರಿಗೆ ಭಾನುವಾರ ಬಂತೆಂದರೆ ಪ್ರಕೃತಿಮಾತೆಯ ಮಡಿಲು ಬೇಕು. ಸಾಹೇಬರಿಗೆ ಬೇಕಾದದ್ದು ಗುಮಾಸ್ತರಿಗೂ ಬೇಕಾಗುತ್ತದೆ. ಇದು ಸರ್ಕಾರಿ ಸೇವಾ ನಿಯಮಗಳಲ್ಲಿ ಬರೆಯದೆ ಬಿಟ್ಟಿರುವ ನಿಯಮ.

ಮೊದಲು ಮಾರ್ಕೋನಹಳ್ಳಿ ಡ್ಯಾಮಿಗೆ ಹೋದರು. ಅಲ್ಲಿ ನೀರಿಗಿಂತ ಜನ ಹೆಚ್ಚು. ಮುಂದಿನ ವಾರ ದೇವರಾಯನದುರ್ಗ. ಅಲ್ಲಿ ಬೆಂಗಳೂರಿನ ಬಸ್ಸುಗಳು, ಟೇಪ್ ರೆಕಾರ್ಡರಿನ ಕಿರುಚಾಟ. ಸಾಲದ್ದಕ್ಕೆ ಒಂದು ಕೋತಿ ನಾನು ಕಟ್ಟಿಕೊಟ್ಟಿದ್ದ ಚಿತ್ರಾನ್ನದ ಡಬ್ಬಿ ಹೊತ್ತೊಯ್ದು, ಬಂಡೆಯ ಮೇಲೆ ಕೂತು, ಕಡಲೆಬೀಜವನ್ನಷ್ಟೇ ಆರಿಸಿ ತಿಂದು, ಮಿಕ್ಕಿದ್ದನ್ನು ಸಾಹೇಬರ ತಲೆಯ ಮೇಲೆ ಸುರಿಯಿತಂತೆ. ಸಂಜೆ ಮನೆಗೆ ಬಂದವರೇ ಯಜಮಾನರು ಚಪ್ಪಲಿಯನ್ನೂ ಬಿಡದೆ ನಿರ್ಣಯ ಮಂಡಿಸಿದರು.

"ಇನ್ಮೇಲೆ ಜನ ಹೋಗೋ ಕಡೆ ನಾವು ಹೋಗಲ್ಲ ಕಣೇ. ಯಾರಿಗೂ ಗೊತ್ತಿಲ್ದಿರೋ ಬೆಟ್ಟದ ಊರು ಬೇಕಂತೆ ಸಾಹೇಬ್ರಿಗೆ."

"ಯಾರೂ ಹೋಗ್ದಿರೋ ಊರಿಗೆ ಯಾರೂ ಹೋಗ್ದಿರಕ್ಕೆ ಏನೋ ಕಾರಣ ಇರತ್ತೆ," ಎಂದೆ.

"ಅದಕ್ಕೇ ನಿಮ್ಮೂರು ಅಂತ ಹೇಳ್ಬಿಟ್ಟೆ."

ನನ್ನ ತವರು ಹುಲಿದೊಣೆ. ಊರ್ಡಿಗೆರೆಯಲ್ಲಿ ಬಸ್ಸಿಳಿದು, ಹೊಲ ದಾಟಿ, ಗಾಡಿಜಾಡು ಹಿಡಿದು ಗುಡ್ಡ ಹತ್ತಬೇಕು. ಮದುವೆಯಾದ ಮೇಲೆ ಯಜಮಾನರು ಅಲ್ಲಿಗೆ ಬಂದದ್ದು ಒಂದೇ ಸಲ, ನಮ್ಮಪ್ಪ ತೀರಿಕೊಂಡಾಗ. ದಾರಿಯುದ್ದಕ್ಕೂ ಇವರು ನರಳಿದಷ್ಟು ನಮ್ಮಪ್ಪ ಸಾಯುವಾಗಲೂ ನರಳಿರಲಿಲ್ಲ.

ಆ ಊರಲ್ಲಿ ಹುಲಿ ಇಲ್ಲ, ದೊಣೆ ಇದೆ. ದೊಣೆ ಅಂದರೆ ಬಂಡೆಯ ಸಂದಿನಲ್ಲಿ ಮಳೆನೀರು ನಿಲ್ಲುವ ಗುಂಡಿ. ಊರು ಮೇಲೆ, ದೊಣೆ ಕೆಳಗೆ. ಹಾರಾಡುತ್ತ ಇಳಿಯುವುದು, ಕೊಡ ಹೊತ್ತು ಸೊಂಟ ಮುರಿದುಕೊಂಡು ಹತ್ತುವುದು. ಅದರಲ್ಲೂ ಮೇಲಿನ ದೊಣೆ ನಮ್ಮ ಬೀದಿಯವರಿಗೆ. ಅದು ತುಂಬಿ ಹರಿದರೆ ಕೆಳಗಿನ ಗುಂಡಿ ತುಂಬುತ್ತದೆ, ಅದು ಕೆಳಗಿನ ಕೇರಿಯವರಿಗೆ. ಬೇಸಿಗೆಯಲ್ಲಿ ಅದೆಲ್ಲಿ ಹರಿಯಬೇಕು? ಆಗ ಕೇರಿಯ ಹೆಂಗಸರು ದೂರ ನಿಂತು, ನಮ್ಮವರು ಯಾರಾದರೂ ಎತ್ತಿ ಹೊಯ್ಯುವವರೆಗೆ ಕಾಯಬೇಕು. ನಾನು ಹೋರಾಟಕ್ಕೆ ಬಿದ್ದದ್ದು ಇದನ್ನು ನೋಡಿ. ಪುಸ್ತಕ ಓದಿ ಅಲ್ಲ.

ಎಪ್ಪತ್ತರ ದಶಕವೆಲ್ಲ ನಾನೂ ಕೇರಿಯ ಗಿರಿಯಮ್ಮನೂ ಎರಡೂ ಕಡೆಯ ಹೆಂಗಸರನ್ನು ಕಟ್ಟಿಕೊಂಡು, ಖಾಲಿ ಕೊಡ ಹಿಡಿದು, ತುಮಕೂರಿನ ಕಚೇರಿಗಳ ಮುಂದೆ ಕೂತೆವು. ಬೇಡಿಕೆ ಒಂದೇ: ಎರಡು ಬೀದಿಗೂ ನಡುವೆ ಇರುವ ಹುಣಸೆಮರದ ಕೆಳಗೆ ಒಂದು ಬೋರಿಂಗು. ಆ ಜಾಗ ಯಾರಪ್ಪನದೂ ಅಲ್ಲ, ಅಲ್ಲಿ ಯಾರೂ ಯಾರನ್ನೂ ದೂರ ನಿಲ್ಲು ಅನ್ನುವಂತಿಲ್ಲ. ಲಾಠಿ ಏಟು ತಿಂದೆವು. ಠಾಣೆಯಲ್ಲಿ ಸೊಳ್ಳೆಗಳಿಗೆ ಊಟವಾದೆವು. "ನಿಮ್ಮ ಕೊಡ ತುಂಬೈತೆ, ನಮ್ಮ ಕೊಡ ಒಣಗೈತೆ" ಎಂಬ ಘೋಷಣೆ ನಾನೇ ಕಟ್ಟಿದ್ದು. ನಿಯಮವೂ ನನ್ನದೇ: ಸಾಲಿನಲ್ಲಿ ಕೂರುವವರ ಕೊಡದಲ್ಲಿ ತೊಟ್ಟು ನೀರಿರಕೂಡದು. ಒಮ್ಮೆ ಒಬ್ಬಾಕೆ ಬಾಯಾರಿಕೆಗೆಂದು ತಳದಲ್ಲಿ ಚೂರು ನೀರು ತಂದಿದ್ದಳು. ಅಧಿಕಾರಿಯೊಬ್ಬ ಅದರೊಳಗೆ ಇಣುಕಿ, "ನೀರಿದೆಯಲ್ಲಮ್ಮ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅಂದಿನಿಂದ ಒಂದೊಂದು ಕೊಡವನ್ನೂ ನಾನೇ ಬೋರಲು ಹಾಕಿ ನೋಡಿ ಕೂರಿಸುತ್ತಿದ್ದೆ. ಗಿರಿಯಮ್ಮ ನನ್ನನ್ನು "ಅಮ್ಮಾವ್ರೆ" ಅನ್ನುವುದನ್ನು ಬಿಟ್ಟು "ಅಕ್ಕ" ಅನ್ನುವಂತೆ ಮಾಡಲು ಮಾತ್ರ ಲಾಠಿ ಏಟಿಗಿಂತ ಹೆಚ್ಚು ಕಷ್ಟಪಟ್ಟೆ.

ಕಚೇರಿಯ ಉತ್ತರವೂ ಒಂದೇ. ಬೋರು ಕೊರೆಯುವ ಲಾರಿ ಗುಡ್ಡ ಹತ್ತುವುದಿಲ್ಲ.

ಇಂಥ ಊರಿಗೆ ಸಾಹೇಬರು ಸ್ನೇಹಿತರ ದಂಡು ಕಟ್ಟಿಕೊಂಡು ದಯಮಾಡಿಸಿದರು. ನಮ್ಮವ್ವ ಕದರಮ್ಮನ ಜಗಲಿಯೇ ಪ್ರವಾಸಿ ಮಂದಿರವಾಯಿತು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಗಟ್ಟಿ ಮಜ್ಜಿಗೆ. ತೇಗಿದ ಮೇಲೆ ಸಾಹೇಬರು ಕಣ್ಣು ಮುಚ್ಚಿ, ಎಂಥ ನಿಶ್ಶಬ್ದ ಎಂದರಂತೆ. ಇರದೆ ಏನು, ಊರಿನ ಹೆಂಗಸರೆಲ್ಲ ದೊಣೆಗೆ ಇಳಿದಿದ್ದರು. ಅವರು ಸಾಲಾಗಿ ಕೊಡ ಹೊತ್ತು ಹತ್ತಿ ಬರುವುದನ್ನು ಕಂಡು, ಕ್ಯಾಲೆಂಡರಿನ ಚಿತ್ರದ ಹಾಗಿದೆ ಎಂದು ಯಜಮಾನರು ಫೋಟೋ ಹೊಡೆದರು. (ಇದೇ ಹೆಂಗಸರು ಇದೇ ಕೊಡ ಹಿಡಿದು ಅವರ ಕಚೇರಿಯ ಮುಂದೆ ಕೂತಿದ್ದಾಗ ಹಿಂಬಾಗಿಲಿನಿಂದ ಮನೆ ಸೇರಿದ್ದರು.)

ಒಂದು ಭಾನುವಾರ ಅಂದದ್ದು ಎಲ್ಲ ಭಾನುವಾರವೂ ಆಯಿತು. ಏನು ನಡೆಯುತ್ತಿದೆ ನೋಡೋಣವೆಂದು ಒಂದು ಸಲ ನಾನೂ ಜೊತೆಗೆ ಹೋದೆ. ಮುಪ್ಪಾದ ನಮ್ಮವ್ವ ಏದುಸಿರು ಬಿಡುತ್ತ ಕೊಡದ ಮೇಲೆ ಕೊಡ ಹೊರುತ್ತಿದ್ದಳು. ಸಾಹೇಬರಿಗೆ ಬೆಟ್ಟದ ಗಾಳಿಯಲ್ಲಿ ಬಿಸಿನೀರಿನ ಸ್ನಾನ ಬೇಕಂತೆ. ಇವರಿಗೆಲ್ಲ ನೀನು ಯಾಕವ್ವ ನೀರು ಹೊರುತ್ತೀಯ ಎಂದು ಹರಿಹಾಯ್ದೆ.

"ಬುಡು, ಅಳೀಮಯ್ಯ ನಾಕು ಜನದ ಮುಂದೆ ದೊಡ್ಡೋರಾಗ್ಲಿ," ಎಂದಳು ಅವ್ವ. "ನೀನಂತೂ ಬೀದೀಲಿ ಕೂತು ಅವ್ರ ಮಾನ ಕಳ್ದಿದೀಯ."

ಹೋರಾಟದಲ್ಲಿ ಪಳಗಿದವಳು ನಾನು, ನೇರ ದಾರಿ ಮುಚ್ಚಿದರೆ ಓಣಿ ಹುಡುಕುವುದು ಗೊತ್ತು. ಮುಂದಿನ ವಾರ ಸಾಹೇಬರ ಮುಂದೆ ಕೈಮುಗಿದು ನಿಂತು, ಈ ಗುಡ್ಡಕ್ಕೆ ಒಂದು ಸಂಪ್ರದಾಯ ಉಂಟು, ಬಂದ ನೆಂಟರು ತಮ್ಮ ಸ್ನಾನದ ನೀರನ್ನು ತಾವೇ ದೊಣೆಯಿಂದ ತರಬೇಕು, ಇಲ್ಲದಿದ್ದರೆ ಗುಡ್ಡದಪ್ಪ ಮುನಿಯುತ್ತಾನೆ ಎಂದೆ. (ದೇವರನ್ನು ನಂಬದ ನಾನು ಆ ದೇವರನ್ನು ನಿಂತ ನಿಲುವಿನಲ್ಲೇ ಸೃಷ್ಟಿಸಿದೆ.) ಸಾಹೇಬರಿಗೆ ಸಂಪ್ರದಾಯವೆಂದರೆ ಪ್ರಾಣ. ನಗುತ್ತಲೇ ಇಳಿದರು. ಹತ್ತುವಾಗ ನಗು ಮೊದಲ ಬಂಡೆಯಲ್ಲಿ ಉಳಿಯಿತು, ಚಪ್ಪಲಿ ಎರಡನೆಯದರಲ್ಲಿ. ಮೂರನೆಯದರಲ್ಲಿ ಸಾಹೇಬರು ತಾವೇ ಕೂತುಬಿಟ್ಟರು, ಕೊಡ ಮಾತ್ರ ಉರುಳಿಕೊಂಡು ವಾಪಸ್ಸು ದೊಣೆಗೆ ಹೋಯಿತು. ಯಜಮಾನರು ತಮ್ಮ ಕೊಡವನ್ನೂ ಸಾಹೇಬರನ್ನೂ ಸರದಿಯ ಮೇಲೆ ಮೇಲಕ್ಕೆ ಸಾಗಿಸಿದರು. ನಾನು ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡೆ. ಗಿರಿಯಮ್ಮ ಬೇಲಿಯ ಆಚೆ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. "ಇನ್ನ ಈ ಕಡೆ ತಲೆ ಹಾಕಾಕಿಲ್ಲ ಬುಡಕ್ಕ," ಎಂದಳು.

ನಿಜಕ್ಕೂ ಕೆಲವು ವಾರ ತಲೆ ಹಾಕಲಿಲ್ಲ. ಆಮೇಲೆ ಲಾರಿ ಬಂತು.

ಗುಡ್ಡ ಹತ್ತುವುದಿಲ್ಲ ಎಂದಿದ್ದರಲ್ಲ, ಅದೇ ಬೋರಿನ ಲಾರಿ. ಗುಡ್ಡ ಒಂದಂಗುಲವೂ ತಗ್ಗಿರಲಿಲ್ಲ. ಒಬ್ಬ ಸಾಹೇಬರ ಸೊಂಟ ಉಳುಕಿತ್ತು, ಅಷ್ಟೇ. ಸುದ್ದಿ ತಿಳಿದು ನಾನು ಸಿಕ್ಕ ಬಸ್ಸು ಹತ್ತಿ ಓಡಿದೆ. ಲಾರಿ ಹುಣಸೆಮರವನ್ನು ದಾಟಿ, ನಮ್ಮ ಬೀದಿ ಹೊಕ್ಕು, ನಮ್ಮವ್ವನ ಬಾಗಿಲ ಮುಂದೆ, ಬೇಲಿಯ ಒಳಗೆ ನಿಂತಿತ್ತು.

"ಇಲ್ಲಲ್ಲ ರೀ, ಹುಣಸೆಮರದ ಕೆಳಗೆ," ಎಂದೆ ಯಜಮಾನರಿಗೆ. "ಈ ಬೇಲಿಯೊಳಗೆ ಗಿರಿಯಮ್ಮನ್ನ ಯಾರು ಬಿಡ್ತಾರೆ?"

"ನೀರಿನ ಪಾಯಿಂಟ್ ಇಲ್ಲೇ ಬಂದಿರೋದು ಕಣೇ. ಅಲ್ದೆ ಸಾಹೇಬ್ರು ಉಂಡಿರೋದು ನಿಮ್ಮವ್ವನ ಕೈ ಅನ್ನ, ಹುಣಸೆಮರದ್ದಲ್ಲ."

ಅವ್ವನ ಕಡೆ ತಿರುಗಿದೆ. ಅವಳು ಲಾರಿಯವರಿಗೆ ಮಜ್ಜಿಗೆ ಹಂಚುತ್ತಿದ್ದಳು. "ಹಂಗಾರೆ ವಾಪಸ್ ಕಳ್ಸವ್ವ," ಎಂದಳು ತಣ್ಣಗೆ. "ನಾಳೆಯಿಂದ ದೊಣೆಗೆ ನೀನು ಇಳಿ. ಕೇರಿಯೋರು ಬಂದ್ರೆ ಬೇಲಿ ಹತ್ರ ನಿಂತ್ಕಳ್ಲಿ, ನಾನೇ ಪಂಪು ಹೊಡ್ದು ಹೊಯ್ತೀನಿ. ಮೊದ್ಲೇನು ಹೊಯ್ತಿರ್ಲಿಲ್ವಾ?"

ಅವಳ ಸೊಂಟದ ಮೇಲೆ ಕೊಡ ಕೂತು ಕೂತು ಕಪ್ಪುಗಟ್ಟಿದ ಗುರುತು ಕಂಡಿತು. ಆದರೂ ಭಾಷಣಕ್ಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕೊಳವೆಯಿಂದ ನೀರು ಚಿಮ್ಮಿ, ಕೆಸರಿನ ಸಮೇತ ನನ್ನ ಬಾಯಿಗೇ ಬಿತ್ತು. ಸಿಹಿನೀರು. ಆಮೇಲೆ ಆ ಭಾಷಣ ಹೊರಗೆ ಬರಲೇ ಇಲ್ಲ.

ಉದ್ಘಾಟನೆಗೆ ಸಾಹೇಬರೇ ಬರುವುದೆಂದಾಯಿತು. ಪೂರ್ಣಕುಂಭದ ಸ್ವಾಗತವಾಗಬೇಕೆಂದು ಯಜಮಾನರ ಅಪ್ಪಣೆ. ಗಂಡ ಸತ್ತ ಅವ್ವ ಕಳಶ ಮುಟ್ಟುವಂತಿಲ್ಲ, ಹೊಟ್ಟೆಯುರಿಯಿಂದ ನಮ್ಮ ಬೀದಿಯ ಮುತ್ತೈದೆಯರು ಮುಟ್ಟುವುದಿಲ್ಲ. ನಿನ್ನ ಮನೆ ನೀರು, ನೀನೇ ಹಿಡಿ, ವಿಧವೆ ಗಿಧವೆ ಎಲ್ಲ ನಾನು ನಂಬುವುದಿಲ್ಲ ಎಂದು ಅವ್ವನಿಗೆ ಉಪದೇಶ ಮಾಡಿದೆ. ಅವಳು ನನ್ನ ಕೈಗೆ ಕೊಡ ತುರುಕಿ, ಅದರ ಬಾಯಿಗೆ ಮಾವಿನೆಲೆ ಸಿಕ್ಕಿಸಿ, ಮೇಲೆ ತೆಂಗಿನಕಾಯಿ ಇಟ್ಟು ಹೋದಳು. ಲಾಠಿಗೆ ಜಗ್ಗದವಳು ಅವ್ವನಿಗೆ ಜಗ್ಗಿದೆ. ರೇಷ್ಮೆ ಸೀರೆ ಉಟ್ಟು, ಬಿಸಿಲಲ್ಲಿ, ಬೇಲಿಯ ಬಾಗಿಲಲ್ಲಿ ಗೊಂಬೆಯ ಹಾಗೆ ನಿಂತೆ.

ಸಾಹೇಬರ ಜೀಪಿನ ಸದ್ದು ಕೇಳಿಸಿತು. ಅದರ ಹಿಂದೆಯೇ ಇನ್ನೊಂದು ಸದ್ದು, ನನಗೆ ಚೆನ್ನಾಗಿ ಪರಿಚಯದ್ದು.

"ನಿಮ್ಮ ಕೊಡ ತುಂಬೈತೆ, ನಮ್ಮ ಕೊಡ ಒಣಗೈತೆ."

ಕೇರಿಯ ಹೆಂಗಸರು ಬಂದು ನಮ್ಮ ಬೇಲಿಯ ಮುಂದೆ ಸಾಲಾಗಿ ಕೂತರು. ನಾನು ಕಲಿಸಿಕೊಟ್ಟ ಹಾಗೆಯೇ, ಮುದುಕಿಯರು ಮುಂದೆ, ಗಟ್ಟಿ ಗಂಟಲಿನವರು ಹಿಂದೆ. ಗಿರಿಯಮ್ಮ ಒಂದೊಂದು ಕೊಡವನ್ನೂ ಬೋರಲು ಹಾಕಿ ನೋಡಿ ಕೂರಿಸುತ್ತಿದ್ದಳು. ನನಗೆ ಎದೆ ಉಬ್ಬಿತು, ಆಮೇಲೆ ಇವರು ಕೂತಿರುವುದು ಯಾರ ವಿರುದ್ಧ ಎಂಬುದು ನೆನಪಾಯಿತು. ಕೊಡ ಹಿಡಿದುಕೊಂಡೇ ಹೋಗಿ ಸಾಲಿನ ಕೊನೆಯಲ್ಲಿ ಕೂರಲು ಬಗ್ಗಿದೆ. ಗಿರಿಯಮ್ಮ ಬಂದು, ಮಾವಿನೆಲೆಯ ಸಂದಿನಿಂದ ಒಳಗೆ ಇಣುಕಿದಳು.

"ಇದ್ರಾಗೆ ನೀರೈತೆ," ಎಂದಳು. "ನೀವು ಈ ಸಾಲ್ನಾಗೆ ಕೂರಂಗಿಲ್ಲ, ಅಮ್ಮಾವ್ರೆ."

ಚೆಲ್ಲಿಬಿಡೋಣವೆಂದು ಕೊಡ ವಾಲಿಸಿದೆ. ಒಣಗಿದ ಕೊಡಗಳ ಮುಂದೆ ನೀರು ಚೆಲ್ಲುವಷ್ಟು ಕ್ರಾಂತಿ ನನ್ನ ಕೈಗೂ ಒಗ್ಗಲಿಲ್ಲ. ಯಾರ ಕೊಡಕ್ಕಾದರೂ ಹೊಯ್ಯೋಣವೆಂದರೆ, ಯಾರೂ ಕೊಡ ಮುಂದೆ ಹಿಡಿಯಲಿಲ್ಲ. ಅಷ್ಟರಲ್ಲಿ ಸಾಹೇಬರು ಹಾರ ಹಾಕಿಕೊಂಡು ನನ್ನ ಮುಂದೆಯೇ ಬಂದು, ಕೈಮುಗಿದು ನಿಂತರು. ಯಜಮಾನರು ಕ್ಯಾಮೆರಾ ಒತ್ತಿದರು.

ಆ ಫೋಟೋ ಈಗ ಸದಾಶಿವನಗರದ ನಮ್ಮ ಹಾಲಿನಲ್ಲಿ, ಬಾಗಿಲ ಎದುರಿಗೇ ಇದೆ. ಸಾಹೇಬರು, ನಾನು, ಪೂರ್ಣಕುಂಭ, ಹಿಂದೆ ಹೆಂಗಸರ ಸಾಲು. ಬಂದವರಿಗೆಲ್ಲ ಯಜಮಾನರು ವಿವರಿಸುತ್ತಾರೆ: ಇದು ಯಾರೂ ಕಾಣದ ಬೆಟ್ಟದ ಊರು, ಇವರೆಲ್ಲ ನನ್ನ ಹೆಂಡತಿಯ ಊರಿನ ಹೆಂಗಸರು, ಸಾಹೇಬರನ್ನು ಎದುರುಗೊಳ್ಳಲು ಮನೆಗೊಂದು ಕೊಡ ತಂದಿದ್ದರು, ಎಂಥ ಮುಗ್ಧ ಜನ.

ಹೋದ ವಾರ ಒಬ್ಬರು ಕನ್ನಡಕ ಏರಿಸಿಕೊಂಡು ಹತ್ತಿರ ಹೋಗಿ ನೋಡಿದರು. "ಎಲ್ರೂ ಬಾಯಿ ತೆಕ್ಕೊಂಡಿದಾರಲ್ಲ, ಏನು ಮಾಡ್ತಿದಾರೆ?"

"ಸೋಬಾನೆ ಹೇಳ್ತಿದಾರೆ," ಎಂದರು ಯಜಮಾನರು.

ನಾನು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.