ಐದಕ್ಷರ ಕಲಿತು ಹೊಸ್ತಿಲಾಚೆ ನಿಂತದ್ದು

ಇಂಗ್ಲಿಷಿನ ಯಾವ ಐದಕ್ಷರದ ಪದವೂ ಇನ್ನು ನನ್ನ ಕಣ್ಣು ತಪ್ಪಿಸಿ ಓಡಾಡಕೂಡದು ಎಂದು ನಾನು ಘೋರ ಪ್ರತಿಜ್ಞೆ ಮಾಡಿದೆ. ಸಾಕ್ಷಿಗೆ ಮನೆಯಲ್ಲಿ ಯಾರೂ ಇರಲಿಲ್ಲ. ಫ್ರಿಜ್ ಮಾತ್ರ ಒಮ್ಮೆ ಗೊರ್ ಎಂದಿತು. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಕಾರಣ ನನ್ನ ಹೆಂಡತಿ. ದೂರದ ಊರಿಗೆ ವರ್ಗವಾಗಿ ಅವಳು ಅಲ್ಲೇ ಒಂದು ಕೋಣೆ ಹಿಡಿದಿದ್ದಳು. ನನ್ನದು ಕನ್ನಡಕದ ಅಂಗಡಿ. ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಹಿಂದೆ ಹೋಗುವಂತಿರಲಿಲ್ಲ. ಹೀಗಾಗಿ ನಮ್ಮ ಸಂಸಾರ ಫೋನಿಗೆ ಬಂದು ನಿಂತಿತು. ಮೊದಮೊದಲು ಅದು ಹೀಗೆ ನಡೆಯುತ್ತಿತ್ತು:

"ಊಟ ಆಯ್ತಾ?"

"ಆಯ್ತು. ನಿಮ್ದು?"

"ಆಯ್ತು. ಮತ್ತೆ?"

"ಮತ್ತೇನಿಲ್ಲ. ಇಡ್ಲಾ?"

ಅವಳು ಇಟ್ಟ ಮೇಲೆ ನಾನು ಟಿವಿ ಹಾಕಿ, ಅದರ ಎದುರು ಕೂರದೆ ಅಡುಗೆಮನೆಯಲ್ಲಿ ಹೋಗಿ ಕೂರುತ್ತಿದ್ದೆ. ಹಾಲ್‌ನಲ್ಲಿ ಯಾರೋ ಮಾತಾಡುತ್ತಿದ್ದಾರೆ ಎಂದು ಅನ್ನಿಸಲಿ, ಅಷ್ಟೇ.

ಹೀಗಿರುವಾಗ ಒಂದು ದಿನ ಬೆಳಿಗ್ಗೆಯೇ ಅವಳ ಫೋನ್ ಬಂತು. "ರೀ, ನಮ್ಮನೇಗೆ ಬರೋ ಪೇಪರ್ರೇ ಇಲ್ಲೂ ಬರುತ್ತೆ. ಕೊನೇ ಪುಟದಲ್ಲಿ ಒಂದು ಇಂಗ್ಲಿಷ್ ಪದ ಕೇಳಿದಾರೆ ನೋಡಿ. ಐದಕ್ಷರ. ಎರಡನೇದು ಎಲ್, ಕೊನೇದು ಡಿ. ಅರ್ಥ ಬೆರೆಸೋದು ಅಂತೆ. ನಂಗೆ ಹೊಳೀತಾ ಇಲ್ಲ."

"ಬ್ಲಡ್," ಎಂದೆ.

"ರಕ್ತಾನ ಯಾರಾದ್ರೂ ಬೆರೆಸ್ತಾರೇನ್ರೀ?"

ಕ್ಲೌಡ್ ಎಂದೆ. ಅದೂ ಅಲ್ಲ. ಹುಡುಕುತ್ತ ಹುಡುಕುತ್ತ ಅವಳು ತನ್ನ ಆಫೀಸಿನ ಸೋರುವ ಸೂರಿನ ಕಥೆ ಹೇಳಿದಳು. ತಮ್ಮ ಕನ್ನಡಕದ ಮೇಲೆ ತಾವೇ ಕೂತು, ಗಾಜು ಚೆನ್ನಾಗಿಲ್ಲ ಎಂದು ಜಗಳಕ್ಕೆ ಬಂದ ಗಿರಾಕಿಯ ಕಥೆ ನಾನು ಹೇಳಿದೆ. ಕೊನೆಗೆ 'ಬ್ಲೆಂಡ್' ಎಂಬ ಪದ ಸಿಕ್ಕಾಗ ನನ್ನ ಕಾಫಿ ಆರಿ ತಣ್ಣಗಾಗಿತ್ತು.

ಅಂದಿನಿಂದ ದಿನವೂ ಫೋನ್, ದಿನವೂ ಪದ, ದಿನವೂ ಆರಿದ ಕಾಫಿ. ಆದರೆ ನನಗೆ ಒಳಗೊಳಗೇ ಅವಮಾನ. ಅಂಗಡಿಯ ಗೋಡೆಯ ಮೇಲೆ ಆನೆ ಗಾತ್ರದಿಂದ ಇರುವೆ ಗಾತ್ರದವರೆಗೆ ಇಂಗ್ಲಿಷ್ ಅಕ್ಷರಗಳನ್ನು ನೇತುಹಾಕಿಕೊಂಡು ಬದುಕುವವನು ಹೆಂಡತಿಯ ಎದುರು ಹೀಗೆ ತಡವರಿಸುವುದೇ? ಪ್ರತಿಜ್ಞೆ ಹುಟ್ಟಿದ್ದು ಹಾಗೆ.

ಎ ಮತ್ತು ಟಿ ಇರುವ ಐದಕ್ಷರದ ಪದಗಳು, ಓ ಮತ್ತು ಆರ್ ಇರುವ ಐದಕ್ಷರದ ಪದಗಳು, ಎಲ್ಲವನ್ನೂ ಅರ್ಥ ಸಮೇತ ಕಂಪ್ಯೂಟರಿನಿಂದ ಇಳಿಸಿ ಮನೆಯ ಗೋಡೆಗೋಡೆಗೂ ಅಂಟಿಸಿದೆ. ಹಲ್ಲುಜ್ಜುವಾಗ ಒಂದು ಸಾಲು, ಪಾತ್ರೆ ತೊಳೆಯುವಾಗ ಒಂದು ಸಾಲು. ಅಂಗಡಿಗೆ ಕಣ್ಣು ತೋರಿಸಲು ಬಂದ ಹಿರಿಯರೊಬ್ಬರು ಗೋಡೆ ನೋಡಿ "ಇ, ಎಫ್, ಪಿ, ಟಿ, ಓ" ಎಂದು ಓದಿದಾಗ ನನ್ನ ಬಾಯಿಂದ "ಅಂಥ ಪದವೇ ಇಲ್ಲ" ಎಂದು ಬಂದುಬಿಟ್ಟಿತು. ಪಾಪ, ಅವರು ತಮ್ಮ ಕಣ್ಣೇ ಹೋಯಿತೆಂದು ಕುರ್ಚಿ ಹಿಡಿದುಕೊಂಡರು.

ಸಾಧನೆ ಫಲಿಸಿತು. ಅವಳು "ಮೂರನೇದು ಎ..." ಎನ್ನುವಷ್ಟರಲ್ಲಿ ನಾನು ಉತ್ತರ ಸಿಡಿಸುತ್ತಿದ್ದೆ.

"ಓ, ಹೌದಲ್ಲ," ಎನ್ನುತ್ತಿದ್ದಳು. ಅದರ ಹಿಂದೆಯೇ, "ಸರಿ, ಇಡ್ಲಾ?"

ನನ್ನ ಪಾಂಡಿತ್ಯಕ್ಕೆ ಬೆರಗಾಗಿ ಅವಳಿಗೆ ಮಾತೇ ಹೊರಡುತ್ತಿಲ್ಲ ಎಂದು ಬೀಗಿದೆ. ಕಾಫಿಯನ್ನು ಈಗ ಬಿಸಿಬಿಸಿಯಾಗಿ ಕುಡಿಯುತ್ತಿದ್ದೆ. ಯಾಕೋ ರುಚಿಸುತ್ತಿರಲಿಲ್ಲ. ಟಿವಿ ಮತ್ತೆ ಖಾಲಿ ಹಾಲ್‌ನಲ್ಲಿ ತನ್ನಷ್ಟಕ್ಕೆ ಮಾತಾಡತೊಡಗಿತು.

ಆಮೇಲೆ ಆ ಭಾನುವಾರ ಬಂತು. ಒಲೆಯ ಮೇಲೆ ಮೊಟ್ಟೆ ಬೇಯಲು ಇಟ್ಟು, ಮುಖಕ್ಕೆಲ್ಲ ನೊರೆ ಹಚ್ಚಿ, ಒಂದು ಕೆನ್ನೆ ಬೋಳಿಸುವಷ್ಟರಲ್ಲಿ ಪೇಪರ್ ಬಿದ್ದ ಸದ್ದಾಯಿತು. ಅವಳ ಫೋನ್ ಬರುವ ಮೊದಲೇ ಉತ್ತರ ಸಿದ್ಧವಿರಬೇಕಲ್ಲ! ಬನಿಯನ್ನಿನಲ್ಲೇ ಹೊರಗೆ ಬಂದು, ಮೆಟ್ಟಿಲ ಬಳಿಯ ಬೆಳಕಿಗೆ ಪೇಪರ್ ಹಿಡಿದೆ. ಐದಕ್ಷರ. ಮೂರನೆಯದು ಟಿ, ಕೊನೆಯದು ಎಚ್. ಅರ್ಥ: ಭದ್ರವಾಗಿ ಹಿಡಿದಿಡುವಂಥದು. ವಾಚ್, ಮ್ಯಾಚ್, ಪ್ಯಾಚ್, ಕ್ಯಾಚ್ ಎಂದು ಪದಗಳು ಒಂದರ ಮೇಲೊಂದು ಬಂದು ಬಿದ್ದವು. ಯಾವುದನ್ನು ಆರಿಸಲಿ ಎಂದು ನೋಡುತ್ತಿರುವಾಗ ಗಾಳಿ ಬೀಸಿ, ಬೆನ್ನ ಹಿಂದೆ ಬಾಗಿಲು ದಢಾರ್ ಎಂದು ಹಾಕಿಕೊಂಡಿತು. ಕೀ ಒಳಗೆ. ಇನ್ನೊಂದು ಕೀ ಹೆಂಡತಿಯ ಬಳಿ.

ಅಭ್ಯಾಸಬಲದಿಂದ ಬೆಲ್ ಒತ್ತಿದೆ. ಒಳಗೆ ಅದು ಇಂಪಾಗಿ ಮೊಳಗಿತು. ಯಾರೂ ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಯಾಕೆ ಒತ್ತಿದೆನೋ ಗೊತ್ತಿಲ್ಲ.

ಆಗ ಒಳಗೆ ಫೋನ್ ಬಡಿದುಕೊಳ್ಳತೊಡಗಿತು. ಅವಳೇ. ನಿಂತಿತು. ಮತ್ತೆ ಶುರುವಾಯಿತು. ನನ್ನನ್ನು ಕರೆಯುವ ಒಂದೇ ಒಂದು ಸದ್ದು ಬಾಗಿಲ ಆಚೆ, ನಾನು ಈಚೆ. ಬಾಗಿಲಿಗೆ ಕಿವಿ ಹಚ್ಚಿ, ನೊರೆಯೆಲ್ಲ ಮರಕ್ಕೆ ಮೆತ್ತಿಕೊಂಡು, ಅದು ಸುಮ್ಮನಾಗುವವರೆಗೆ ಕೇಳುತ್ತ ನಿಂತೆ.

ಟಪ್ ಎಂದು ಮೊದಲ ಮೊಟ್ಟೆ ಸಿಡಿದಾಗ ಎಚ್ಚರವಾಯಿತು. ಕೆಳಮನೆಗೆ ಓಡಿದೆ. ಅಲ್ಲಿದ್ದವರು ನಿವೃತ್ತ ನರ್ಸಮ್ಮ. ಬಾಗಿಲು ತೆಗೆದವರೇ ನನ್ನ ಬಾಯಿಯ ಸುತ್ತಲಿನ ನೊರೆ ನೋಡಿ ನನ್ನನ್ನು ನೆಲಕ್ಕೆ ಮಲಗಿಸಿ ಪಕ್ಕಕ್ಕೆ ಹೊರಳಿಸಿದರು.

"ಮಾತಾಡ್ಬೇಡಿ. ಈ ತರ ಮುಂಚೆ ಯಾವಾಗಾದ್ರೂ ಆಗಿತ್ತಾ?"

"ಇದು ಶೇವಿಂಗ್ ಕ್ರೀಮ್ ಅಮ್ಮಾ."

"ಓಹೋ." ಸ್ವಲ್ಪ ನಿರಾಸೆಯಿಂದಲೇ ಕೈ ಬಿಟ್ಟರು.

ವಿಷಯ ತಿಳಿದ ಕೂಡಲೇ ಬೀದಿಕೊನೆಯ ಬಡಗಿಗೆ ಹೇಳಿ ಕರೆಸಿದರು. ಅವನು ಉಳಿ ಹಿಡಿದು ಮೇಲೆ ಹೋದ. ನಾನು ಹೆಂಡತಿಗೆ ತಿಳಿಸಬೇಕೆಂದು ಅವರ ಫೋನ್ ಕೇಳಿ ಪಡೆದು, ಬೆಪ್ಪಾಗಿ ನಿಂತೆ. ಸಾವಿರ ಪದ ಬಾಯಿಪಾಠ ಮಾಡಿದವನಿಗೆ ಅವಳ ನಂಬರ್ ಗೊತ್ತಿರಲಿಲ್ಲ.

"ನನ್ನ ಹತ್ರ ಇದೆ, ಕೊಡಿ," ಎಂದರು ನರ್ಸಮ್ಮ. "ಹೋಗೋವಾಗ ಕೊಟ್ಟು ಹೋದ್ರು. ಒಬ್ರೇ ಇರ್ತಾರೆ, ಹೇಳ್ಕೊಳ್ಳೋ ಸ್ವಭಾವ ಅಲ್ಲ, ಸ್ವಲ್ಪ ನೋಡ್ತಿರಿ ಅಂದಿದ್ರು."

ಅವಳು ಮೊದಲ ರಿಂಗಿಗೇ ಎತ್ತಿದಳು. "ಏನಾಯ್ತ್ರೀ? ಎಷ್ಟು ಸಲ ಮಾಡೋದು?"

"ಫೋನ್ ಒಳಗಿದೆ, ನಾನು ಹೊರಗಿದೀನಿ. ಲ್ಯಾಚ್ ಬಿದ್ಬಿಡ್ತು ಕಣೇ."

ಆ ಕಡೆ ನಗು. "ಸರಿಯಾಗಿ ಹೇಳಿದ್ರಿ."

"ಏನು ಸರಿ?"

"ಇವತ್ತಿನ ಪದ. ಎಲ್, ಎ, ಟಿ, ಸಿ, ಎಚ್."

"ನಿಂಗೆ ಆಗ್ಲೇ ಗೊತ್ತಿತ್ತಾ?"

"ದಿನಾ ಗೊತ್ತಿರುತ್ತೆ. ಹಾಸಿಗೆಯಿಂದ ಏಳೋ ಮುಂಚೆ ಬಿಡಿಸಿರ್ತೀನಿ."

"ಮತ್ತೆ ನನ್ನನ್ಯಾಕೆ ಕೇಳ್ತಿದ್ದೆ?"

"ಊಟ ಆಯ್ತಾ ಅಂದ್ರೆ ಆಯ್ತು ಅಂತ ಇಟ್ಬಿಡ್ತೀರ. ಪದ ಕೇಳಿದ್ರೆ ಅರ್ಧ ಗಂಟೆ ಇರ್ತಿದ್ರಿ. ಇತ್ತೀಚೆಗೆ ಅದೂ ಇಲ್ಲ. ಅದೇನು ಬುದ್ಧಿ ಬಂತೋ ನಿಮಗೆ."

ನಾನು ನರ್ಸಮ್ಮನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಒಣಗಿದ ನೊರೆ ಕೆನ್ನೆಯನ್ನು ಎಳೆಯುತ್ತಿತ್ತು. ಅದನ್ನು ಉಗುರಿನಿಂದ ಕೆರೆಯುತ್ತ, "ಮನೇಲಿ ತುಂಬ ಬೇಜಾರು ಕಣೇ," ಎಂದೆ.

"ಇಲ್ಲೂ ಅಷ್ಟೇ," ಎಂದಳು. "ಹೇಳಿ."

ಹೇಳಿದೆ. ಟಿವಿಯದು, ಬೆಲ್ಲಿನದು, ಎಲ್ಲ ಹೇಳಿದೆ. ಅವಳೂ ಹೇಳಿದಳು. ಮೇಲೆ ಬಡಗಿ ಬಾಗಿಲು ಕಿತ್ತ, ಹೊಗೆ ಹೊರಗೆ ಬಂತು, ಅವನೇ ಒಲೆ ಆರಿಸಿ, ಕೂಲಿ ಆಮೇಲೆ ಇಸ್ಕೊಳ್ತೀನಿ ಎಂದು ಹೊರಟೂ ಹೋದ. ನಾನು ಕೈಬೀಸಿ ಕಳಿಸಿದೆ.

ಕೊನೆಗೆ ನರ್ಸಮ್ಮ ಬಂದು ಎದುರು ನಿಂತರು.

"ನಿಮ್ಮ ಬಾಗಿಲು ತೆಗೆದು ಬಹಳ ಹೊತ್ತಾಯ್ತು. ನಿಮ್ಮ ಫೋನೂ ಅಲ್ಲೇ ಇದೆ. ನನ್ನದು ಕೊಟ್ರೆ, ನಾನೂ ನನ್ನ ಮಗಳ ಹತ್ರ ಒಂದೆರಡು ಮಾತಾಡ್ತಿದ್ದೆ."